ಏಳುನೂರು ಅಡಿ

ಕಟಿಂಗ್ ಮಾಸ್ಟರ್ ಅವರ ಮಗಳು ಊಟದ ಮೇಜಿನ ಕೆಳಗೆ ಮಲಗಲು ಶುರುಮಾಡಿ ಒಂದು ವರ್ಷ ಕಳೆದಿತ್ತು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮೇಜಿನ ನಾಲ್ಕು ಕಾಲುಗಳ ನಡುವಿನ ಜಾಗಕ್ಕೆ ಅವಳು 'ನಮ್ಮನೆ' ಎಂದು ಹೆಸರಿಟ್ಟಿದ್ದಳು. ಆ ಹೆಸರು ಕೇಳಿದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದವರು ಅವಳ ತಾಯಿ.

ಎರಡು ಕೋಣೆಯ ಆ ಮನೆ ಮಾಸ್ಟರ್ ಅವರ ಅಕ್ಕ-ಭಾವನದು. ಅದರಲ್ಲಿ ಅಕ್ಕ, ಭಾವ, ಅವರ ಇಬ್ಬರು ಹೆಣ್ಣುಮಕ್ಕಳು. ಸಾಲದ್ದಕ್ಕೆ ಮಾಸ್ಟರ್, ಅವರ ಹೆಂಡತಿ, ನಾಲ್ಕೂವರೆ ವರ್ಷದ ಮಗಳು, ಎಂಟು ತಿಂಗಳ ಕೂಸು. 'ಬೇರೆ ಮನೆ ಸಿಗೋವರೆಗೆ ಒಂದೆರಡು ವಾರ' ಎಂದು ಬಂದವರು ಎರಡು ವರ್ಷ ಉಳಿದುಬಿಟ್ಟಿದ್ದರು. ಆ ದೊಡ್ಡ ಊರಿನಲ್ಲಿ ಮನೆಗಳಿಗೆ ಬರವಿತ್ತು ಎಂದಲ್ಲ. ಮಾಸ್ಟರ್ ಅವರ ಅಳತೆಗೆ ಒಂದೂ ಕೂಡಿಬಂದಿರಲಿಲ್ಲ.

ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ಸೆಕ್ಷನ್ನಿನಲ್ಲಿ, ಉದ್ದನೆಯ ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಗೆರೆ ಎಳೆದು, ಅದರ ಮೇಲೆ ಯಂತ್ರದ ಕತ್ತರಿ ಓಡಿಸುವವರು. ಒಂದು ಗೆರೆ ತಪ್ಪಿದರೆ ನೂರು ಅಂಗಿ ಹಾಳು. ಹದಿನಾಲ್ಕು ವರ್ಷದಲ್ಲಿ ಅವರ ಗೆರೆ ಒಮ್ಮೆಯೂ ತಪ್ಪಿರಲಿಲ್ಲ. ಇದರಿಂದಾಗಿ, ಮನುಷ್ಯನ ಕಷ್ಟಗಳೆಲ್ಲ ಯಾರೋ ಎಲ್ಲೋ ಸರಿಯಾಗಿ ಅಳೆಯದೆ ಇದ್ದುದರಿಂದ ಹುಟ್ಟಿದವು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ರಜೆಯ ದಿನವೂ ಕೊರಳಲ್ಲಿ ಟೇಪು, ಜೇಬಿನಲ್ಲಿ ಬಟ್ಟೆಗೆ ಗೆರೆ ಎಳೆಯುವ ಕೆಂಪು ಚಾಕ್‌ಪೀಸು ಇದ್ದೇ ಇರುತ್ತಿದ್ದವು. ಹಿಂದೆ ಒಂದು ಬಾಡಿಗೆ ಮನೆ ನೋಡಲು ಹೋದಾಗ, ಮಲಗುವ ಕೋಣೆಯ ನೆಲದ ಮೇಲೆ ಹಾಸಿಗೆಯ ಅಳತೆಗೆ ಗೆರೆ ಎಳೆದು, ಅದರೊಳಗೆ ಅಂಗಾತ ಮಲಗಿ, ಕಣ್ಣು ಮುಚ್ಚಿ ಗಾಳಿಯ ಓಡಾಟವನ್ನು ಪರೀಕ್ಷಿಸುತ್ತಿದ್ದರು. ಅಷ್ಟರಲ್ಲಿ ಒಳಗೆ ಬಂದ ಮನೆಯೊಡತಿ ಕೆಂಪು ಗೆರೆಯ ನಡುವೆ ಬಿದ್ದಿದ್ದ ಮನುಷ್ಯನನ್ನು ಕಂಡು ಚೀರಿಕೊಂಡ ಸದ್ದಿಗೆ ಪೊಲೀಸರೇ ಬಂದಿದ್ದರು. ದಲ್ಲಾಳಿ ಅಂದಿನಿಂದ ಮಾಸ್ಟರ್ ಅವರ ಫೋನು ಎತ್ತಲಿಲ್ಲ.

ಹೀಗಿರಲು ಒಂದು ಶುಕ್ರವಾರ ಸಂಜೆ ಭಾವ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಭಾವ ಸಂಕೋಚದ ಮನುಷ್ಯ. ಮುಖ ನೋಡಿ ಹೇಳಲಾರದ್ದನ್ನು ಅವರು ಕ್ಯಾಲೆಂಡರಿಗೆ ಹೇಳುತ್ತಿದ್ದರು.

"ಇವತ್ತಿಂದ ಹದಿನೈದನೇ ದಿನಕ್ಕೆ ಅಮ್ಮ ಬರ್ತಾರೆ," ಎಂದರು ಭಾವ ಕ್ಯಾಲೆಂಡರಿಗೆ. "ಮೊಣಕಾಲಿನ ಆಪರೇಷನ್ನು. ಆರು ತಿಂಗಳು ಇಲ್ಲೇ."

 ಅಕ್ಕ ಒಲೆಯ ಕಡೆ ತಿರುಗಿಕೊಂಡರು.

ಮಾಸ್ಟರ್ ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಒಂದೇ ಮಾತನ್ನು ಎರಡು ಸಲ ಹೇಳಿ ಅವರಿಗೆ ಅಭ್ಯಾಸವಿಲ್ಲ. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಗಂಡನಿಗೆ ಹೇಳಿದರು: "ರೀ, ನೀವಿನ್ನು ಕಿಟಕಿ ಅಳೀಬೇಡಿ, ಬಾಗಿಲು ಅಳೀಬೇಡಿ. ನಂಗೆ ಬೇಕಾಗಿರೋದು ಒಂದೇ. ಇವಳಿಗೆ ಶಾಲೇಲಿ ಸೀಟು ಸಿಕ್ಕಿದೆ. ನಂದು ಶಿಫ್ಟು, ನಿಮ್ದು ಓವರ್‌ಟೈಮು. ಇವಳು ಸುಸ್ತಾಗ್ದೆ ನಡ್ಕೊಂಡ್ ಹೋಗೋಷ್ಟು ಹತ್ರ ಮನೆ ನೋಡಿ. ಅಷ್ಟು ಸಿಕ್ರೆ ಸೂರು ಸೋರಿದ್ರೂ ನಾನು ಬಕೆಟ್ ಇಟ್ಕೊಂಡು ಬದುಕ್ತೀನಿ."

ಬೇರೆ ಯಾವ ಗಂಡನಾದರೂ ಇದನ್ನು ಕೇಳಿ ಶಾಲೆಯ ಅಕ್ಕಪಕ್ಕ ಮನೆ ಹುಡುಕುತ್ತಿದ್ದ. ಮಾಸ್ಟರ್ ಮಾತ್ರ 'ಸುಸ್ತಾಗದೆ' ಎಂಬ ಪದವನ್ನು ಹಿಡಿದುಕೊಂಡರು. ಎಷ್ಟು ನಡೆದರೆ ಸುಸ್ತು? ಇದಕ್ಕೊಂದು ಲೆಕ್ಕ ಬೇಡವೇ?

ಮರುದಿನ ಬೆಳಗ್ಗೆ ಮಗಳ ಹೆಜ್ಜೆಯನ್ನು ಅಳೆದರು. ಹದಿನಾಲ್ಕು ಇಂಚು. ಬಳಿಕ ಅವಳನ್ನು ನೇರ ರಸ್ತೆಯಲ್ಲಿ ನಡೆಸುತ್ತ ಹಿಂದಿನಿಂದ ಎಣಿಸಿದರು. ಸರಿಯಾಗಿ ಆರುನೂರನೆಯ ಹೆಜ್ಜೆಗೆ ಅವಳು ರಸ್ತೆಯಲ್ಲೇ ಕುಳಿತುಬಿಟ್ಟಳು. "ಅಪ್ಪಾ, ಕಾಲು ಮುಗೀತು," ಎಂದಳು. ಮಾಸ್ಟರ್ ಅವಳನ್ನು ಎತ್ತಿಕೊಂಡು, ಅವಳ ಬೆನ್ನ ಮೇಲೆಯೇ ಕಾಗದವಿಟ್ಟು ಗುಣಿಸಿದರು. ಆರುನೂರು ಹೆಜ್ಜೆ, ತಲಾ ಹದಿನಾಲ್ಕು ಇಂಚು: ಏಳುನೂರು ಅಡಿ. ಶಾಲೆಯ ಗೇಟಿನಿಂದ ಏಳುನೂರು ಅಡಿಯೊಳಗೆ ಮನೆ. ಎರಡು ವರ್ಷದಿಂದ ಬಗೆಹರಿಯದ್ದು ಒಂದು ಬೆಳಗಿನಲ್ಲಿ ಬಗೆಹರಿದಿತ್ತು.

ಶಾಲೆಯ ಎರಡು ಕಡೆ ದೊಡ್ಡ ರಸ್ತೆ, ಒಂದು ಕಡೆ ಗೋದಾಮಿನ ಗೋಡೆ. ಉಳಿದದ್ದು ಒಂದೇ ಬೀದಿ. ಭಾನುವಾರ ಬೆಳಗ್ಗೆ ಎಂಟಕ್ಕೆ ಮಾಸ್ಟರ್ ಗೇಟಿನ ಬುಡದಿಂದ ಕೆಲಸ ಶುರುಮಾಡಿದರು. ದರ್ಜಿಯ ಟೇಪು ಐದು ಅಡಿ. ಬಗ್ಗಿ ಟೇಪು ಹಾಸುವುದು, ಎದ್ದು ಮುಂದೆ ಹೋಗುವುದು, ಮತ್ತೆ ಬಗ್ಗುವುದು. ಇಪ್ಪತ್ತು ಸಲ ಬಗ್ಗಿದರೆ ನೂರು ಅಡಿ. ನೂರು ಅಡಿಗೊಂದು ಸಲ, ಎಣಿಕೆ ಮರೆಯದಿರಲೆಂದು, ಹತ್ತಿರದ ಕಾಂಪೌಂಡಿನ ಮೇಲೆ ಕೆಂಪು ಚಾಕ್‌ಪೀಸಿನಿಂದ ಎರಡು ಗೆರೆ ಅಡ್ಡ ಹಾಯಿಸಿ ಒಂದು ದಪ್ಪ ಕತ್ತರಿ ಗುರುತು.

ಆ ಊರಿನಲ್ಲಿ ಗೋಡೆಯ ಮೇಲಿನ ಕೆಂಪು ಗುರುತಿಗೆ ಒಂದೇ ಅರ್ಥವಿತ್ತು. ಹಿಂದಿನ ವರ್ಷ ಪಕ್ಕದ ಬಡಾವಣೆಯಲ್ಲಿ ಇಂಥದೇ ಗುರುತು ಬಿದ್ದ ಹತ್ತನೆಯ ದಿನ ಹಳದಿ ಯಂತ್ರ ಬಂದು, ರಸ್ತೆ ಅಗಲ ಮಾಡುವ ಸಲುವಾಗಿ ಎರಡು ಸಾಲು ಮನೆಗಳ ಮುಂಭಾಗವನ್ನು ಕಿತ್ತುಹಾಕಿತ್ತು. ಈ ಸಂಗತಿ ಬೀದಿಯ ಮಕ್ಕಳಿಗೂ ಗೊತ್ತಿತ್ತು. ಮಾಸ್ಟರ್ ಅವರಿಗೆ ಗೊತ್ತಿರಲಿಲ್ಲ. ಅವರು ಪತ್ರಿಕೆಯಲ್ಲಿ ಹವಾಮಾನದ ಅಂಕಿಗಳನ್ನಷ್ಟೇ ಓದುತ್ತಿದ್ದರು.

ಮೂರನೆಯ ಗುರುತು ಹಾಕುವಾಗ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು ಹಲ್ಲುಜ್ಜುವ ಬ್ರಷ್ಷಿನ ಸಮೇತ ಹೊರಗೆ ಬಂದರು. ಅವರು ನಿವೃತ್ತ ಪೋಸ್ಟ್‌ಮಾಸ್ಟರ್. ಸರ್ಕಾರದ ಭಾಷೆ ತಮಗೆ ಬರುತ್ತದೆ ಎಂದು ತಿಳಿದವರು.

"ಏನ್ ಸರ್, ಅಳತೆನಾ?"

"ಅಳತೆನೇ," ಎಂದರು ಮಾಸ್ಟರ್, ಮೇಲೇಳದೆ.

"ಎಷ್ಟಡಿ?"

"ಏಳ್ನೂರು."

ಅಧ್ಯಕ್ಷರ ಬಾಯಿಂದ ನೊರೆ ಇಳಿಯಿತು. "ಯಾವ ಸೆಕ್ಷನ್ನು ಸರ್ ತಾವು?"

"ಕಟಿಂಗ್ ಸೆಕ್ಷನ್."

"ಕಟಿಂಗ್ ಅಂದ್ರೆ..."

ತಮ್ಮ ಕಸುಬಿನ ಬಗ್ಗೆ ಯಾರಾದರೂ ಕೇಳುವುದು ಮಾಸ್ಟರ್ ಅವರ ಬಾಳಿನಲ್ಲಿ ಅಪರೂಪ. ಅವರು ನೆಟ್ಟಗೆ ನಿಂತು, ಟೇಪನ್ನು ಕೊರಳಿಗೆ ಹಾಕಿಕೊಂಡು, ನಿಧಾನವಾಗಿ ವಿವರಿಸಿದರು. "ಮೊದ್ಲು ಗೆರೆ ಹಾಕ್ತೀವಿ. ಗೆರೆ ಒಳಗೆ ಬಂದಿದ್ದು ಉಳಿಯುತ್ತೆ. ಆಚೆ ಇದ್ದಿದ್ದು ಹೋಗುತ್ತೆ. ಹದಿನಾಲ್ಕು ವರ್ಷ ಆಯ್ತು, ಒಂದ್ಸಲ ಹಾಕಿದ ಗೆರೆ ನಾನು ಅಳಿಸಿದ್ದಿಲ್ಲ."

"ಮೇಲಿಂದ ಆರ್ಡರ್ ಆಗಿದ್ಯಾ?"

ಮಾಸ್ಟರ್ ಹೆಂಡತಿಯನ್ನು ನೆನೆದು ನಕ್ಕರು. "ಆಗದೆ ಏನು? ಬಾಯಲ್ಲೇ ಆರ್ಡರು. ಹದಿನೈದು ದಿನದೊಳಗೆ ಖಾಲಿ ಮಾಡ್ಬೇಕು."

"ಹದಿನೈದೇ ದಿನ? ಎಲ್ರೂನಾ?"

"ಎಲ್ರೂ. ಹೆಂಡ್ತಿ-ಮಕ್ಕಳ ಸಮೇತ. ಏನ್ಮಾಡೋದು ಹೇಳಿ, ವಯಸ್ಸಾದವ್ರು ಬರ್ತಿದ್ದಾರೆ, ಅವ್ರಿಗೆ ಜಾಗ ಬೇಕು."

ವಯಸ್ಸಾದವರು ಎಂದರೆ ಯಾರೋ ದೊಡ್ಡ ಮಂತ್ರಿಯೇ ಇರಬೇಕೆಂದು ಅಧ್ಯಕ್ಷರು ಅರ್ಥಮಾಡಿಕೊಂಡರು. ಒಳಗೆ ಹೋಗಿ ಬಾಯಿ ತೊಳೆದುಕೊಳ್ಳುವುದನ್ನೂ ಮರೆತು ಮನೆಮನೆಗೆ ಸುದ್ದಿ ಮುಟ್ಟಿಸಿದರು. ಮಾಸ್ಟರ್ ಏಳನೆಯ ಗುರುತಿಗೆ ಸುತ್ತಲೂ ಒಂದು ವೃತ್ತ ಬರೆದು, ಬೆನ್ನು ಹಿಡಿದುಕೊಂಡು ಬಸ್ಸು ಹತ್ತಿದರು.

ಸೋಮವಾರ ಸಂಘದವರು ಮನವಿ ಬರೆದುಕೊಂಡು ವಾರ್ಡ್ ಆಫೀಸಿಗೆ ಹೋದರು. ಅಲ್ಲಿನ ಎಂಜಿನಿಯರ್ ಸಾಹೇಬರಿಗೆ ಈ ಬೀದಿಯ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಆದರೆ ತನಗೆ ತಿಳಿಯದ ಕೆಲಸವೊಂದು ತನ್ನ ವಾರ್ಡಿನಲ್ಲಿ ನಡೆಯುತ್ತಿದೆ ಎಂದು ಹೇಗೆ ಒಪ್ಪಿಕೊಳ್ಳುವುದು? ಅವರು ಮನವಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ವಿಷಯ ಪರಿಶೀಲನೆಯಲ್ಲಿದೆ" ಎಂದರು.

"ಮುಗೀತು," ಎಂದರು ಅಧ್ಯಕ್ಷರು ಹೊರಗೆ ಬಂದು. "ಅವರು ಇಲ್ಲ ಅನ್ಲಿಲ್ಲ."

ಬುಧವಾರ ಕೆಲಸ ಮುಗಿಸಿಕೊಂಡು ಮಾಸ್ಟರ್ ಬೀದಿಗೆ ಮತ್ತೆ ಬಂದರು. ಕಂಡಕಂಡವರು ಎದ್ದು ನಿಂತರು. ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ಟೀ ತಂದರು, ಮೂರನೆಯವರು ಬೀಸಣಿಗೆ ಹಿಡಿದು ನಿಂತರು. ಇಷ್ಟು ವಿನಯದ ಜನರ ನಡುವೆ ಮಕ್ಕಳು ಬೆಳೆದರೆ ಅದಕ್ಕಿಂತ ಭಾಗ್ಯವುಂಟೇ ಎಂದು ಮಾಸ್ಟರ್ ಅವರ ಕಣ್ಣು ತುಂಬಿತು. ಆರು ಮತ್ತು ಏಳನೆಯ ಗುರುತಿನ ನಡುವೆ ಒಂದು ಹಳೆಯ ಮನೆ, ಮಹಡಿಯ ಮೇಲೆ ಮುಚ್ಚಿದ ಎರಡು ಕಿಟಕಿ ಅವರ ಕಣ್ಣಿಗೆ ಬಿತ್ತು.

"ಆ ಮನೆ ಖಾಲಿ ಇದ್ಯಾ?"

ಅದು ಬೈಂಡಿಂಗ್ ಅಮ್ಮನ ಮನೆ. ಅರವತ್ತು ದಾಟಿದ ಒಂಟಿ ಹೆಂಗಸು. ಮುಂಬಾಗಿಲ ಜಗಲಿಯಲ್ಲಿ ಕುಳಿತು ಲೈಬ್ರರಿಗಳ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕಸುಬು.

"ಖಾಲಿ ಮಾಡ್ತಾರೆ ಸರ್," ಎಂದರು ಅಧ್ಯಕ್ಷರು ಕೈಮುಗಿದು. "ಒಂಟಿ ಹೆಂಗ್ಸು. ಸ್ವಲ್ಪ ಟೈಮ್ ಕೊಡಿ."

"ಭಾನುವಾರದೊಳಗೆ ಆದ್ರೆ ಅನುಕೂಲ. ಅವತ್ತು ನಮ್ಮವ್ರನ್ನೆಲ್ಲಾ ಕರ್ಕೊಂಡ್ ಬರ್ತೀನಿ."

"ಎಷ್ಟ್ ಜನ ಸರ್?"

"ನಾವು ನಾಲ್ಕೇ. ಆದ್ರೆ ಅದ್ರಲ್ಲಿ ಒಂದು ಚಿಕ್ಕದಿದೆ ನೋಡಿ, ಅದರ ಮುಂದೆ ಏನಿಟ್ರೂ ಉಳಿಯಲ್ಲ. ಕ್ಷಣದಲ್ಲಿ ಚಿಂದಿ ಮಾಡ್ಬಿಡುತ್ತೆ." ಎಂಟು ತಿಂಗಳ ಕೂಸಿನ ಪರಾಕ್ರಮ ನೆನೆದು ಮಾಸ್ಟರ್ ಹೆಮ್ಮೆಯಿಂದ ನಕ್ಕರು.

ಬೀಸಣಿಗೆ ನಿಂತಿತು.

ಆ ರಾತ್ರಿ ಊಟಕ್ಕೆ ಕೂತಾಗ ಮಾಸ್ಟರ್ ಹೆಂಡತಿಗೆ ಹೇಳಿದರು: "ಬೀದಿ ಅಂದ್ರೆ ಅದು. ಒಬ್ರೂ ನನ್ನನ್ನ ಎಷ್ಟು ಸಂಬಳ ಅಂತ ಕೇಳ್ಲಿಲ್ಲ. ಮನೆ ಖಾಲಿ ಮಾಡ್ಸಿ ಕೊಡ್ತಾರಂತೆ."

"ನಮಗೋಸ್ಕರ ಯಾಕ್ ಖಾಲಿ ಮಾಡಿಸ್ತಾರೆ?" ಎಂದರು ಹೆಂಡತಿ.

ಈ ಪ್ರಶ್ನೆ ಆ ವಾರದ ಏಕೈಕ ಬುದ್ಧಿವಂತ ಪ್ರಶ್ನೆಯಾಗಿತ್ತು. ಮಾಸ್ಟರ್ ಇನ್ನಷ್ಟು ಸಾರು ಹಾಕಿಸಿಕೊಂಡರು.

ಭಾನುವಾರ ಹತ್ತು ಗಂಟೆಗೆ ನಾಲ್ವರೂ ಬೀದಿಯ ತುದಿಯಲ್ಲಿ ಇಳಿದರು. ಮಗಳಿಗೆ ಒಗೆದ ಫ್ರಾಕು, ಕೂಸಿಗೆ ಹೊಸ ಟೋಪಿ. ಬೀದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಹೆಂಡತಿ ನಿಂತರು.

ಅಧ್ಯಕ್ಷರ ಕಾಂಪೌಂಡು ಅರ್ಧ ಇರಲಿಲ್ಲ. ಕಲ್ಲುಗಳನ್ನು ಅಂಗಳದಲ್ಲಿ ಜೋಡಿಸಿಡಲಾಗಿತ್ತು. ಆಚೆ ಮನೆಯವರು ಕೈಗಾಡಿಗೆ ಮಂಚ ಕಟ್ಟುತ್ತಿದ್ದರು.  ಬೈಂಡಿಂಗ್ ಅಮ್ಮನ ಮನೆಯ ಮುಂದೆ ಕೂಲಿಯಾಳೊಬ್ಬ ಹಾರೆಯಿಂದ ಮೆಟ್ಟಿಲಿನ ಕೊನೆಯ ಚಪ್ಪಡಿಯನ್ನು ಮೀಟುತ್ತಿದ್ದ. ಅಮ್ಮ ಸೆರಗು ಸಿಕ್ಕಿಸಿ ಎದುರು ನಿಂತು, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು. ಜಗಲಿಯ ಹಲಗೆ, ಅಂಟಿನ ಡಬ್ಬ, ರಟ್ಟಿನ ಕಟ್ಟುಗಳು ಬೀದಿಯಲ್ಲಿ ಬಿಸಿಲಿಗೆ ಬಿದ್ದಿದ್ದವು.

"ಏನಾಯ್ತಮ್ಮ?" ಎಂದು ಕೇಳಿದರು ಮಾಸ್ಟರ್ ಅವರ ಹೆಂಡತಿ.

"ಏನಾಗೋದು? ಗುರುತು ಹಾಕಿದ್ದಾರಲ್ಲ. ಯಂತ್ರ ಬಂದ್ರೆ ಪುಡಿ ಮಾಡಿ ಹೋಗುತ್ತೆ. ನಾನೇ ತೆಗೆಸಿದ್ರೆ ಕಲ್ಲು ಇಡಿಯಾಗಾದ್ರೂ ಉಳಿಯುತ್ತೆ. ನಮ್ಮನೆಯವ್ರು ಕೈಯಾರೆ ಹಾಕಿದ್ದು ಇದು."

ಅಮ್ಮ ಗೋಡೆಯತ್ತ ಕೈ ತೋರಿಸಿದರು. ಹೆಂಡತಿ ಕೆಂಪು ಗುರುತನ್ನು ನೋಡಿದರು. ಆಮೇಲೆ ಗಂಡನ ಅಂಗಿಯ ಜೇಬನ್ನು ನೋಡಿದರು. ಜೇಬಿನ ತಳದಲ್ಲಿ ಅದೇ ಕೆಂಪು. ಅವರು ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು.

ಮಾಸ್ಟರ್ ಅವರಿಗೆ ತಿಳಿಯಲು ಇನ್ನೂ ಅರ್ಧ ನಿಮಿಷ ಹಿಡಿಯಿತು. ಗುರುತು, ಚಪ್ಪಡಿ, ಮಂಚ, ಅರ್ಧ ಕಾಂಪೌಂಡು, ಕುರ್ಚಿ, ಟೀ ಎಲ್ಲವೂ ಒಂದರ ಹಿಂದೊಂದು ಬಂದು ತಲೆಯಲ್ಲಿ ಕೂತವು. ನೂರು ಪದರ ಬಟ್ಟೆಯನ್ನು ತಪ್ಪು ಗೆರೆಯ ಮೇಲೆ ಕತ್ತರಿಸಿದರೆ ಹೇಗಿರುತ್ತದೆಂದು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೆ ಗೊತ್ತಾಯಿತು. ಅವರು ಕೂಲಿಯಾಳಿನ ಕೈಯಿಂದ ಹಾರೆಯನ್ನು ಹಿಡಿದುಕೊಂಡರು.

"ನಿಲ್ಸಿ. ಎಲ್ರೂ ನಿಲ್ಸಿ. ಆ ಗುರುತು ನಂದು."

"ಗೊತ್ತು ಸರ್," ಎಂದರು ಅಧ್ಯಕ್ಷರು.

"ಸರ್ ಅಲ್ಲ! ನಾನು ದರ್ಜಿ. ಬಟ್ಟೆ ಕತ್ತರಿಸೋನು. ಬಾಡಿಗೆ ಮನೆ ಹುಡುಕ್ತಾ ಇದ್ದೆ. ಶಾಲೆಯಿಂದ ನನ್ ಮಗಳು ಎಷ್ಟು ದೂರ ನಡೀತಾಳೆ ಅಂತ ಅಳೆದೆ. ಅಷ್ಟೆ. ರಸ್ತೆ ಅಗಲ ಮಾಡೋದು ನಂಗೆ ಗೊತ್ತೇ ಇಲ್ಲ."

 ಅಧ್ಯಕ್ಷರು ಅರ್ಥಗರ್ಭಿತವಾಗಿ ತಲೆದೂಗಿದರು. "ನೋಡಿದ್ರಾ? ಗಲಾಟೆ ಆಗ್ಬಾರ್ದು ಅಂತ ಹೀಗೆ ಹೇಳೋಕೆ ಹೇಳಿ ಕಳ್ಸಿದ್ದಾರೆ."

"ಇಲ್ಲ ಸ್ವಾಮಿ! ನನ್ನಾಣೆ!"

"ಏಳ್ನೂರಡಿ ನಡಿಯೋಕೆ ಯಾರಾದ್ರೂ ಗೋಡೆ ಮೇಲೆ ಗುರುತು ಹಾಕ್ತಾರಾ? ಅಷ್ಟು ಪೆದ್ದ ಯಾರಿರ್ತಾನೆ?"

 ಅಷ್ಟರಲ್ಲಿ ಎಂಜಿನಿಯರ್ ಸಾಹೇಬರು, ಬೀದಿಯಲ್ಲಿ ಗೋಡೆಗಳು ತಾವಾಗಿಯೇ ಬೀಳುತ್ತಿವೆ ಎಂಬ ಸುದ್ದಿ ಕೇಳಿ ಸ್ಕೂಟರಿನಲ್ಲಿ ಬಂದರು. ಜನ ಅವರನ್ನು ಸುತ್ತುವರಿದರು. "ಇವರು ನಿಮ್ಮ ಆಫೀಸಿನವ್ರಾ ಅಲ್ವಾ, ಹೇಳಿ ಸರ್!"

ಸಾಹೇಬರು ಮಾಸ್ಟರ್ ಅವರ ಕೊರಳಿನ ಟೇಪನ್ನು, ಜೇಬನ್ನು, ಕೈಯ ಹಾರೆಯನ್ನು ನೋಡಿದರು. "ಈ ಹಂತದಲ್ಲಿ ನಾನು ಏನೂ ಹೇಳೋ ಹಾಗಿಲ್ಲ," ಎಂದರು.

ಗದ್ದಲವೆದ್ದಿತು. ಆಗ ಮಾಸ್ಟರ್ ಅವರ ಹೆಂಡತಿ ಮುಂದೆ ಬಂದರು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಜನರನ್ನು ಸುಮ್ಮನಿರಿಸುವ ದನಿಯಲ್ಲಿ ಹೇಳಿದರು: "ಇವಳನ್ನ ನಡೆಸಿ ನೋಡಿ. ಇವಳ ಹೆಜ್ಜೆ ಹದಿನಾಲ್ಕು ಇಂಚು. ಮೊದಲ್ನೇ ಗುರುತು ಎಂಬತ್ತಾರನೇ ಹೆಜ್ಜೆಗೆ ಬರ್ಬೇಕು. ಬಂದ್ರೆ ಈ ಮನುಷ್ಯ ಹೇಳೋದು ನಿಜ. ಪೆದ್ದ ಅನ್ನೋದೂ ನಿಜ."

ಮಗಳನ್ನು ಶಾಲೆಯ ಗೇಟಿನ ಮುಂದೆ ನಿಲ್ಲಿಸಿದರು. ಇಡೀ ಬೀದಿ ಅವಳ ಹಿಂದೆ. ಅವಳು ಒಮ್ಮೆ ತಿರುಗಿ ಇಷ್ಟೊಂದು ಜನರನ್ನು ನೋಡಿ, ಫ್ರಾಕು ಸರಿಮಾಡಿಕೊಂಡು ನಡೆಯತೊಡಗಿದಳು. ಎಂಜಿನಿಯರ್ ಸಾಹೇಬರೂ ಬೆರಳು ಮಡಚಿ ಎಣಿಸಿದರು. "ಎಂಬತ್ನಾಲ್ಕು... ಎಂಬತ್ತೈದು... ಎಂಬತ್ತಾರು!" ಪಕ್ಕದ ಗೋಡೆಯಲ್ಲಿ ಕೆಂಪು ಕತ್ತರಿ ಗುರುತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಗುರುತಿಗೆ ಒಂದು ಹೆಜ್ಜೆ ಹೆಚ್ಚಾಯಿತು, ನಡುವೆ ಬೆಕ್ಕೊಂದನ್ನು ನೋಡಲು ಅವಳು ಪಕ್ಕಕ್ಕೆ ಸರಿದಿದ್ದಳು. ಮೂರನೆಯದು, ನಾಲ್ಕನೆಯದು ಸರಿಹೋದಂತೆ ಎಣಿಸುವ ದನಿಗಳು ಹೆಚ್ಚಿದವು. ಐದನೆಯದಕ್ಕೆ ಚಪ್ಪಾಳೆ ಬಿತ್ತು. ಮನೆ ಉಳಿಯಿತು ಎಂಬ ಚಪ್ಪಾಳೆ ಅದು. ಮಂಚ ಕಟ್ಟುತ್ತಿದ್ದವರು ಹಗ್ಗ ಬಿಚ್ಚತೊಡಗಿದರು, ಯಾರೋ ಹೆಂಗಸು ಅಳುತ್ತಲೇ ಎಣಿಸುತ್ತಿದ್ದಳು.

ಆರುನೂರನೆಯ ಹೆಜ್ಜೆಗೆ, ವೃತ್ತ ಬರೆದ ಗುರುತಿನ ಎದುರು, ಮಾಸ್ಟರ್ ಮಗಳನ್ನು ಎತ್ತಿಕೊಳ್ಳಲು ಬಗ್ಗಿ ನಿಂತರು. ಅವಳು ಅವರ ಕೈಕೆಳಗೆ ನುಸುಳಿ, ಚಪ್ಪಾಳೆಯ ಹುರುಪಿಗೆ ಕುಣಿಯುತ್ತ ಬೀದಿಯ ಕೊನೆಯವರೆಗೂ ಹೋಗಿ, ಅಲ್ಲಿಂದ ಓಡುತ್ತ ವಾಪಸು ಬಂದಳು.

"ಸಾವಿರ ದಾಟ್ತು," ಎಂದರು ಅಧ್ಯಕ್ಷರು. "ನಿಮ್ಮ ಲೆಕ್ಕಾನೂ ತಪ್ಪು."

ನಂತರ ಬೀದಿಯವರೆಲ್ಲ ಸೇರಿ ಮಾಸ್ಟರ್ ಅವರನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾರ ನಿದ್ದೆಯಿಲ್ಲದವರು ಬಾಯಿತುಂಬ ಬೈದರು, ಮಾಸ್ಟರ್ ತಲೆತಗ್ಗಿಸಿ ಕೇಳಿದರು. ಅದರಲ್ಲಿ ಅನ್ಯಾಯದ ಮಾತು ಒಂದೂ ಇರಲಿಲ್ಲ.

ಬೈಯದೆ ಇದ್ದವರು ಒಬ್ಬರೇ. ಎಣಿಸಲೂ ಹೋಗದೆ, ಚಪ್ಪಾಳೆಯನ್ನೂ ತಟ್ಟದೆ, ಬೈಂಡಿಂಗ್ ಅಮ್ಮ ಕಿತ್ತ ಚಪ್ಪಡಿಯ ಮೇಲೆ ಕುಳಿತಿದ್ದರು. ಅವರ ಬಾಗಿಲು ಈಗ ನೆಲದಿಂದ ಎದೆಮಟ್ಟದಲ್ಲಿತ್ತು. ಉಳಿದವರು ಮಂಚವನ್ನು ಒಳಗೆ ಒಯ್ದರೆ ಮುಗಿಯಿತು, ಅವರಿಗೆ ತಮ್ಮ ಮನೆಯೊಳಕ್ಕೆ ಹೋಗುವ ದಾರಿಯೇ ಇರಲಿಲ್ಲ.

ಮಾಸ್ಟರ್ ಎದುರು ಹೋಗಿ ನಿಂತರು. "ಅಮ್ಮಾ, ತಪ್ಪಾಯ್ತು."

"ಮೊದ್ಲು ಆ ಪುಸ್ತಕ ಬಿಸಿಲಿಂದ ಎತ್ತಿಡಿ," ಎಂದರು ಅಮ್ಮ. "ರಟ್ಟು ಬಾಗಿಹೋಗುತ್ತೆ."

ಮಾಸ್ಟರ್ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನಾಲ್ಕು ದಿನ ರಜೆ ಹಾಕಿದರು. ಒಬ್ಬ ಗಾರೆ ಕೆಲಸದವನನ್ನು ಕರೆತಂದು, ತಾವೇ ಇಟ್ಟಿಗೆ ಹೊತ್ತು, ಮರಳು ಜರಡಿ ಹಿಡಿದರು. ಹೆಂಡತಿ ಶಿಫ್ಟು ಮುಗಿಸಿ ಬಂದು ನೀರು ಸುರಿಯುತ್ತಿದ್ದರು. ಬೀದಿಯವರು ಮೊದಲ ದಿನ ದೂರದಿಂದ ನೋಡಿದರು, ಎರಡನೆಯ ದಿನ ತಪ್ಪು ತೋರಿಸಿದರು, ಮೂರನೆಯ ದಿನ ಗಾರೆ ತುಂಬಿದ ಬಾಣಲೆ ಹಿಡಿದರು. ಗುರುವಾರ ವಾರ್ಡ್ ಆಫೀಸಿನಿಂದ ಒಂದು ನೋಟೀಸು ಬಂತು: 'ಸಾರ್ವಜನಿಕರ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಿ ಸದರಿ ಬೀದಿಯ ರಸ್ತೆ ಅಗಲೀಕರಣವನ್ನು ಕೈಬಿಡಲಾಗಿದೆ.' ಅಧ್ಯಕ್ಷರು ಎಂಜಿನಿಯರ್ ಸಾಹೇಬರಿಗೆ ಧನ್ಯವಾದದ ಪತ್ರ ಬರೆದರು. ತಾವೇ ಹೋಗಿ ಕೊಟ್ಟು ಬಂದರು.

ಆ ಸಂಜೆ ಇಟ್ಟಿಗೆಯ ಕಟ್ಟೆಯ ಮೇಲೆ ಚಪ್ಪಡಿ ಕೂರಿಸುವ ಹೊತ್ತು ಬಂತು. ಮೊದಲಿದ್ದದ್ದು ನಾಲ್ಕು ಮೆಟ್ಟಿಲು, ಒಂದೊಂದು ಹತ್ತಿಂಚು ಎತ್ತರ. ಗೋಡೆಯಲ್ಲಿ ಅದರ ಕಲೆ ಇನ್ನೂ ಇತ್ತು.

"ಅಮ್ಮಾ, ಹೇಗಿತ್ತೋ ಹಾಗೇ ಕೂರಿಸ್ತೀವಿ," ಎಂದರು ಮಾಸ್ಟರ್. "ನಿಮ್ಮನೆಯವ್ರು ಹಾಕಿದ ಹಾಗೇ. ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ."

 ಅಮ್ಮ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಬಳಿಕ ಮೆಲ್ಲಗೆ ಹೇಳಿದರು: "ಸ್ವಲ್ಪ ತಗ್ಗಿಸಿ ಹಾಕಿ."

"ತಗ್ಗಿಸೋದಾ?"

"ಅವರು ಎತ್ತರದ ಆಳು. ಅವರ ಕಾಲಿಗೆ ಸರಿಯಾಗಿ ಹಾಕ್ಬಿಟ್ರು. ಇಪ್ಪತ್ತೆರಡು ವರ್ಷ ಆಯ್ತು, ಹತ್ತಿದಾಗೆಲ್ಲ ನಂಗೆ ಸೊಂಟ ನೋವು. ಅಷ್ಟು ಪ್ರೀತಿಯಿಂದ ಹಾಕಿದ್ರಲ್ಲ, ಹೇಳೋಕೆ ಬಾಯೇ ಬರ್ಲಿಲ್ಲ. ಅವರು ಹೋದ್ಮೇಲೆ ತೆಗೆಸೋಕೆ ಕೈಯೂ ಬರ್ಲಿಲ್ಲ."

ಮಾಸ್ಟರ್ ಟೇಪು ತೆಗೆಯಲು ಕೊರಳಿಗೆ ಕೈ ಹಾಕಿ, ಮತ್ತೆ ಹಿಂದಕ್ಕೆ ಎಳೆದುಕೊಂಡರು. "ಎಷ್ಟು ತಗ್ಗಿಸ್ಲಿ, ನೀವೇ ಹೇಳಿ. ಒಂದು ಇಟ್ಟಿಗೆ ಮೇಲೆ ಕಾಲಿಟ್ಟು ನೋಡಿ."

ಅಮ್ಮ ಇಟ್ಟಿಗೆಯ ಮೇಲೆ ಇಟ್ಟಿಗೆ ಇರಿಸಿ, ಕಾಲಿಟ್ಟು, ಒಂದನ್ನು ತೆಗೆಸಿ, ಮತ್ತೆ ಕಾಲಿಟ್ಟು, "ಇಷ್ಟು" ಎಂದರು. ಹಾಗೆ ಲೆಕ್ಕ ಹಾಕಿದರೆ ನಾಲ್ಕರ ಜಾಗದಲ್ಲಿ ಐದು ಮೆಟ್ಟಿಲು ಬೇಕಾಯಿತು. ಐದನೆಯ ಕಲ್ಲನ್ನು ಅಧ್ಯಕ್ಷರು ತಮ್ಮ ಅಂಗಳದಿಂದ ಉರುಳಿಸಿಕೊಂಡು ಬಂದರು. ಅದು ಉಳಿದವುಗಳಿಗೆ ಬಣ್ಣದಲ್ಲಿ ಹೊಂದಲಿಲ್ಲ. ಆದರೂ ಅದನ್ನೇ ಕೂರಿಸಿದರು.

ಶನಿವಾರ ಗಾರೆ ಒಣಗಿತ್ತು. ಅಮ್ಮ ಒಬ್ಬರೇ ಮೆಟ್ಟಿಲು ಹತ್ತಿದರು. ಇಳಿದರು. ಗೋಡೆ ಹಿಡಿಯದೆ ಇನ್ನೊಮ್ಮೆ ಹತ್ತಿದರು. ಮೇಲಿನ ಮೆಟ್ಟಿಲಿನಲ್ಲಿ ನಿಂತು, ಸೆರಗಿನ ತುದಿಯಿಂದ ಮಹಡಿಯ ಬೀಗದಕೈ ಬಿಚ್ಚಿ, ಕೆಳಗೆ ಕೈಚಾಚಿ ನಿಂತಿದ್ದ ಮಾಸ್ಟರ್ ಅವರನ್ನು ಬಿಟ್ಟು ಅವರ ಹೆಂಡತಿಯ ಕೈಗೆ ಕೊಟ್ಟರು.

"ಎರಡು ಕಿಟಕಿ ಇವೆ, ಗಾಳಿ ಚೆನ್ನಾಗಿ ಬರುತ್ತೆ," ಎಂದರು. "ಗೋಡೆಗೆ ಮೊಳೆ ಹೊಡೆಯೋದಿದ್ರೆ ನನ್ನನ್ನ ಕರೀರಿ. ಇವರ ಕೈಗೆ ಮಾತ್ರ ಸುತ್ತಿಗೆ ಕೊಡ್ಬೇಡಿ."